ಬಡಗಿಯ ಮಾತು ಅಥವಾ ರಾಯಲ್ ಜಾರ್ಜ್ ಹಡಗಿನ ನಾಶನ

ಒಬ್ಬನು ಆಡಿದ ಮಾತನ್ನು ತೂಗಿ ನೋಡುವದಕ್ಕೆ ಲೋಕದಲ್ಲಿ ಎರಡು ತಕ್ಕಡಿಗಳಿರುವವು. ಒಂದರಲ್ಲಿ ಆ ಮಾತು ನಿಜವೋ ಸುಳ್ಳೋ ಎಂಬದನ್ನು ತೂಗುತ್ತಾರೆ. ಮತ್ತೊಂದರಲ್ಲಿ ಅದನ್ನು ಆಡಿದವನು ಯಾರು, ಅವನ ಸ್ಥಾನವೇನು, ಅವನು ನಮಗಿಂತ ಮೇಲಿನವನೋ ಕೆಳಗಿನವನೋ ಎಂಬದನ್ನು ತೂಗುತ್ತಾರೆ. ಮೊದಲನೆಯ ತಕ್ಕಡಿಯನ್ನು ಹಿಡಿಯುವದು ಕಷ್ಟ. ಯಾಕಂದರೆ ಎದ್ದು ಹೋಗಿ ಕಣ್ಣಾರೆ ನೋಡಬೇಕಾಗುವದು. ಎರಡನೆಯದು ಬಹು ಸುಲಭ, ಕೂತಲ್ಲಿಯೇ ತೂಗಬಹುದು. ಹೀಗಿರುವದರಿಂದ ಮನುಷ್ಯರು ಹೆಚ್ಚಾಗಿ ಎರಡನೆಯದನ್ನೇ ಹಿಡಿಯುತ್ತಾರೆ.

ಈಗ ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ ಏನಂದರೆ: ಕೆಳಗಿನವನೊಬ್ಬನು ಅಪಾಯವನ್ನು ಕಂಡು ಮೇಲಿನವನಿಗೆ ತಿಳಿಸಿದಾಗ ಮೇಲಿನವನು ಕೇಳದೆ ಹೋದರೆ, ಆಮೇಲೆ ಬರುವ ಕೇಡಿನ ಹೊಣೆ ಯಾರ ಮೇಲಿರುವದು? ಹೇಳಿದವನು ಹೇಳಿದ್ದರಿಂದಲೇ ಬಿಡುಗಡೆಯಾದನೋ? ಕೇಳದವನೊಬ್ಬನೇ ದೋಷಿಯೋ? ಕಂಡೂ ಸುಮ್ಮನಿದ್ದವರನ್ನು ಏನೆನ್ನಬೇಕು? ಇಂಥ ಪ್ರಶ್ನೆಯನ್ನು ಬರೀ ವಾದದಿಂದ ಬಿಡಿಸಹೋದರೆ ಪ್ರತಿಯೊಬ್ಬನು ತನಗೆ ಅನುಕೂಲವಾದ ಉತ್ತರವನ್ನೇ ಕಂಡುಕೊಳ್ಳುವನು. ಆದುದರಿಂದ ನಿಜವಾಗಿ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಅದು ರಾಯಲ್ ಜಾರ್ಜ್ ಎಂಬ ಇಂಗ್ಲಿಷ್ ಯುದ್ಧದ ಹಡಗಿನ ವೃತ್ತಾಂತವು.

ಆ ಹಡಗನ್ನು ಕಟ್ಟಬೇಕೆಂದು 1746ನೆಯ ಇಸವಿಯಲ್ಲಿ ಅಪ್ಪಣೆಯಾಯಿತು. ಲಂಡನ್ ಪಟ್ಟಣದ ಹತ್ತಿರ ಥೇಮ್ಸ್ ನದಿಯ ದಡದಲ್ಲಿರುವ ವುಲಿಚ್ ಎಂಬಲ್ಲಿ ಅದನ್ನು ಕಟ್ಟಿ, 1756ನೆಯ ಫೆಬ್ರವರಿ 18ರಲ್ಲಿ ನೀರಿಗೆ ಇಳಿಸಿದರು. ಆ ಕಾಲದಲ್ಲಿ ಲೋಕದ ಯುದ್ಧದ ಹಡಗುಗಳೊಳಗೆ ಅದೇ ಅತಿ ದೊಡ್ಡದಾಗಿತ್ತು. ಸಮುದ್ರವನ್ನು ಕಾಣದ ವಾಚಕರು ಅದನ್ನು ಹೀಗೆ ಊಹಿಸಿಕೊಳ್ಳಲಿ: ಓಕ್ ಎಂಬ ಗಟ್ಟಿ ಮರದ ತೊಲೆ ಹಲಗೆಗಳಿಂದ ಕಟ್ಟಿದ, 178 ಅಡಿ ಉದ್ದವಾದ ತೇಲುವ ಮನೆಯೊಂದು. ಅದರೊಳಗೆ ಒಂದರ ಮೇಲೊಂದಾಗಿ ಫಿರಂಗಿಗಳ ಮೂರು ಅಂತಸ್ತುಗಳು. ಅಂತಸ್ತಿಗೆ ಡೆಕ್ಕು ಎಂದು ಹೆಸರು. ಎರಡು ಮಗ್ಗುಲುಗಳಲ್ಲಿಯೂ ಸಾಲಾಗಿ ಚೌಕ ಕಿಂಡಿಗಳು, ಕಿಂಡಿಗೊಂದು ಮುಚ್ಚಳ, ಕಿಂಡಿಯ ಹಿಂದೆ ಮರದ ಗಾಲಿಗಳ ಮೇಲೆ ಕೂತಿರುವ ಫಿರಂಗಿ. ಇಂಥ ಫಿರಂಗಿಗಳು ಒಟ್ಟು 100. ಅವುಗಳಲ್ಲಿ ಅತಿ ಭಾರವಾದವುಗಳನ್ನು ಎಲ್ಲಕ್ಕಿಂತ ಕೆಳಗಿನ ಡೆಕ್ಕಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದಲ್ಲಿ ಇಟ್ಟಿದ್ದರು. ಈ ಕೆಳಗಿನ ಕಿಂಡಿಗಳನ್ನು ವಾಚಕರು ಜ್ಞಾಪಕದಲ್ಲಿಡಬೇಕು. ನಮ್ಮ ವೃತ್ತಾಂತವು ಅಲ್ಲಿಗೇ ತಿರುಗಿ ಬರುವದು.

ಹಡಗಿಗೆ ಮೂರು ವರುಷ ತುಂಬಿದಾಗ ಅದಕ್ಕೆ ಮೊದಲನೆಯ ದೊಡ್ಡ ಪರೀಕ್ಷೆ ಬಂತು. ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ನಡೆಯುತ್ತಿದ್ದ ಕಾಲವದು. ಫ್ರೆಂಚರು ಇಂಗ್ಲೆಂಡಿನ ಮೇಲೆ ಸೈನ್ಯ ಇಳಿಸಬೇಕೆಂದು ಆಲೋಚಿಸಿದ್ದರು. 1759ನೆಯ ನವೆಂಬರ್ 20ರಲ್ಲಿ, ಬಿರುಗಾಳಿ ಬೀಸುತ್ತಿರಲಾಗಿ, ಅವರ ಹಡಗುಗಳು ತಮ್ಮ ದೇಶದ ಕಿಬೆರಾನ್ ಕೊಲ್ಲಿಯೊಳಗೆ ಹೊಕ್ಕು ಅಡಗಿಕೊಳ್ಳಲು ಹೋದವು. ಆ ಕೊಲ್ಲಿಯ ತುಂಬ ಬಂಡೆಗಳೂ ಮರಳದಿಣ್ಣೆಗಳೂ ಇದ್ದವು. ಅವುಗಳ ಗುರುತು ಫ್ರೆಂಚರಿಗೆ ಗೊತ್ತಿತ್ತು, ಇಂಗ್ಲಿಷರಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಹಡಗುಗಳ ಅಧಿಪತಿಯಾದ ಅಡ್ಮಿರಲ್ ಎಡ್ವರ್ಡ್ ಹಾಕ್ ಎಂಬವನು ರಾಯಲ್ ಜಾರ್ಜಿನ ಮೇಲಿದ್ದನು. ಹಗಲು ಇಳಿಯುತ್ತಾ ಬಂದಾಗ ಆತನು ಶತ್ರುವಿನ ಅಧಿಪತಿಯ ಹಡಗನ್ನೇ ಅಟ್ಟಿಕೊಂಡು ಹೋಗಲು ಅಪ್ಪಣೆ ಕೊಟ್ಟನು.

ಆಗ ಹಡಗಿಗೆ ದಾರಿ ತೋರಿಸುವ ಕೆಲಸದವನು ಮುಂದೆ ಬಂದು, ಈ ಕತ್ತಲೆಯಲ್ಲಿ ಈ ಬಂಡೆಗಳ ನಡುವೆ ಹೋಗುವದು ಅಪಾಯವೆಂದು ಅರಿಕೆಮಾಡಿದನಂತೆ. ಹಾಕನು ಅವನನ್ನು ಗದರಿಸಲಿಲ್ಲ. ಅಪಾಯವನ್ನು ತಿಳಿಸಿದ್ದರಿಂದ ನೀನು ನಿನ್ನ ಕರ್ತವ್ಯವನ್ನು ತೀರಿಸಿದಿ. ಇನ್ನು ನನ್ನ ಅಪ್ಪಣೆಯಂತೆ ನಡಿಸು ಎಂಬ ಅರ್ಥದಿಂದ ಉತ್ತರ ಕೊಟ್ಟನೆಂದು ಹೇಳುತ್ತಾರೆ. ಆ ದಿನ ರಾಯಲ್ ಜಾರ್ಜಿನ ಫಿರಂಗಿಗಳ ಏಟಿಗೆ ಸೂಪರ್ಬ್ ಎಂಬ ಫ್ರೆಂಚ್ ಹಡಗು ನೂರಾರು ಜನರ ಸಂಗಡ ಕ್ಷಣಮಾತ್ರದಲ್ಲಿ ಮುಳುಗಿಹೋಯಿತು. ಜಯವು ಇಂಗ್ಲಿಷರಿಗಾಯಿತು. ಆದರೂ ದಾರಿಗಾರನ ಮಾತು ಸುಳ್ಳಾಗಲಿಲ್ಲ. ರೆಸಲ್ಯೂಷನ್, ಎಸೆಕ್ಸ್ ಎಂಬ ಎರಡು ಇಂಗ್ಲಿಷ್ ಹಡಗುಗಳು ಅದೇ ಮರಳದಿಣ್ಣೆಗೆ ಸಿಕ್ಕಿ ಒಡೆದುಹೋದವು.

ಅದೇ ದಿನದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತೆಸೆ ಎಂಬ ಮತ್ತೊಂದು ಫ್ರೆಂಚ್ ಹಡಗು ಆ ಬಿರುಗಾಳಿಯಲ್ಲಿ ಕೆಳಗಿನ ಡೆಕ್ಕಿನ ಕಿಂಡಿಗಳನ್ನು ತೆರೆದು ಕಾದಾಡುತ್ತಿರಲಾಗಿ, ತೆರೆಗಳು ಕಿಂಡಿಗಳಿಂದ ಒಳಗೆ ನುಗ್ಗಿ ಹಡಗು ಮುಳುಗಿತು. ಅದರಲ್ಲಿದ್ದ ನೂರಾರು ಮಂದಿಯಲ್ಲಿ ಉಳಿದವರು ಸುಮಾರು ಇಪ್ಪತ್ತು ಮಂದಿ. ನೀರಿನ ಮಟ್ಟಕ್ಕೆ ಹತ್ತಿರವಾದ ಕಿಂಡಿಯನ್ನು ತೆರೆದಿಟ್ಟರೆ ಎಂಥ ಬಲವಾದ ಹಡಗಿಗೂ ಏನಾಗುವದೆಂಬ ಪಾಠವನ್ನು ಸಮುದ್ರವು ಆ ದಿನ ಎಲ್ಲರ ಕಣ್ಣಮುಂದೆ ಬರೆದಿಟ್ಟಿತು.

ಯುದ್ಧ ಮುಗಿದು 1763ರಲ್ಲಿ ಸಮಾಧಾನವಾದ ಮೇಲೆ ರಾಯಲ್ ಜಾರ್ಜು ಬಂದರದಲ್ಲಿ ಸುಮ್ಮನೆ ನಿಂತಿತು. ನಮ್ಮ ರೈತರು ಬಲ್ಲರು, ನೇಗಿಲಾಗಲಿ ಗಾಡಿಯಾಗಲಿ ದುಡಿಯುವಾಗ ಸವೆಯುವದು ಒಂದು ವಿಧ, ಮೂಲೆಯಲ್ಲಿ ನಿಂತು ಲಡ್ಡಾಗುವದು ಇನ್ನೊಂದು ವಿಧ. ಹಡಗಿನ ಮರವೂ ಹಾಗೆಯೇ. ತೊಲೆಗಳ ನಡುವೆ ಗಾಳಿಯಾಡದೆ ತೇವ ನಿಂತರೆ ಹೊರಗೆ ಬಣ್ಣ ಬಳಿದು ಹೊಳೆಯುತ್ತಿರುವಾಗಲೇ ಒಳಗೆ ಕೊಳೆತುಹೋಗುವದು. 1778ರಲ್ಲಿ ತಿರಿಗಿ ಯುದ್ಧ ಬಂದಾಗ ಈ ಹಳೇ ಹಡಗನ್ನು ಸಿದ್ಧಮಾಡಿ ಸಮುದ್ರಕ್ಕೆ ಕಳುಹಿಸಿದರು. 1780ನೆಯ ಜನವರಿಯಲ್ಲಿ ಸ್ಪೇನಿನವರ ಮೇಲೆ ನಡೆದ ಕಾಳಗದಲ್ಲಿಯೂ ಅದು ಇತ್ತು. ಹೆಸರು ದೊಡ್ಡದು, ಜಯಗಳು ದೊಡ್ಡವು. ಒಳಗಿನ ಮರದ ಸಂಗತಿಯನ್ನು ಮಾತ್ರ ಬಡಗಿಗಳೇ ಬಲ್ಲವರಾಗಿದ್ದರು.

1782ರಲ್ಲಿ ಈ ಹಡಗಿನ ಮೇಲೆ ತನ್ನ ಧ್ವಜವನ್ನು ಏರಿಸಿದವನು ಅಡ್ಮಿರಲ್ ರಿಚರ್ಡ್ ಕೆಂಪನ್‌ಫೆಲ್ಟ್ ಎಂಬವನು. ಆತನ ತಂದೆಯು ಸ್ವೀಡನ್ ದೇಶದವನು. ಆತನು ನಡುವಯಸ್ಸಿನಲ್ಲಿ ನಮ್ಮ ದೇಶದ ಪೂರ್ವ ಕರಾವಳಿಯ ಸಮುದ್ರದಲ್ಲಿ 1758 ಮತ್ತು 1759ರಲ್ಲಿ ಫ್ರೆಂಚರೊಡನೆ ನಡೆದ ಕಾಳಗಗಳಲ್ಲಿದ್ದು, ಅನೇಕ ವರುಷ ಈ ಕಡೆಯ ನೀರಿನಲ್ಲಿ ಸೇವೆಮಾಡಿದವನು. ದೇವಭಕ್ತನೆಂದು ಹೆಸರಾಗಿದ್ದನು, 1777ರಲ್ಲಿ ಗುಪ್ತನಾಮದಿಂದ ಪ್ರಕಟವಾದ ಒಂದು ಚಿಕ್ಕ ಸ್ತೋತ್ರಪುಸ್ತಕವು ಆತನದೇ ಎಂದು ಹೇಳಲ್ಪಡುತ್ತದೆ.

ಆತನ ಪ್ರಯಾಸವೆಲ್ಲ ಎರಡು ವಿಷಯಗಳಲ್ಲಿತ್ತು. ಸಮುದ್ರದಲ್ಲಿ ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಕೂಗಿದರೆ ಕೇಳಿಸದು. ಬಣ್ಣದ ಧ್ವಜಗಳಿಂದ ಗುರುತು ತೋರಿಸಬೇಕು. ಆ ಗುರುತುಗಳು ಆಗ ಬಹು ಗಲಿಬಿಲಿಯಾಗಿದ್ದವು. ಹೇಳಿದ್ದು ಒಂದು, ತಿಳಿದದ್ದು ಒಂದು ಆಗಬಾರದೆಂದು ಕೆಂಪನ್‌ಫೆಲ್ಟನು ಅವುಗಳನ್ನು ತಿದ್ದಿ ಕ್ರಮಪಡಿಸಲು ಬಹಳ ದುಡಿದನು. ಎರಡನೆಯದಾಗಿ, ನೂರಾರು ನಾವಿಕರನ್ನು ಒಂದೇ ಮಂದೆಯಂತೆ ಬಿಡದೆ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಭಾಗಿಸಿ, ಪ್ರತಿ ಗುಂಪಿಗೂ ಒಬ್ಬ ಅಧಿಕಾರಿಯನ್ನು ಇಟ್ಟು, ಅವನು ತನ್ನವರನ್ನು ಗುರುತಿಟ್ಟು ಅವರ ಬಟ್ಟೆಬರೆ, ಶುಚಿತ್ವ, ನಡತೆ ಎಲ್ಲವನ್ನೂ ವಿಚಾರಿಸಬೇಕೆಂದು ಬೋಧಿಸಿದನು. ಸಂಕ್ಷೇಪವಾಗಿ ಹೇಳಬೇಕಾದರೆ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕು, ಮೇಲಿನವನು ಕೆಳಗಿನವನನ್ನು ಅರಿಯಬೇಕು ಎಂಬದೇ ಆತನ ಜೀವಮಾನದ ಕೆಲಸವಾಗಿತ್ತು. ಅಂಥವನ ಹಡಗಿನಲ್ಲಿ ಏನು ನಡೆಯಿತೆಂಬದನ್ನು ಈಗ ಕೇಳಿರಿ.

ಆಗಸ್ಟ್ ತಿಂಗಳ ಕೊನೆಯಲ್ಲಿ ರಾಯಲ್ ಜಾರ್ಜು ಪೋರ್ಟ್ಸ್‌ಮತ್ ಪಟ್ಟಣದ ಎದುರಿಗಿರುವ ಸ್ಪಿಟ್‌ಹೆಡ್ ಎಂಬ ತಂಗುಸ್ಥಳದಲ್ಲಿ ಲಂಗರು ಹಾಕಿ ನಿಂತಿತ್ತು. ಶತ್ರುಗಳು ಮುತ್ತಿಗೆ ಹಾಕಿದ್ದ ಜಿಬ್ರಾಲ್ಟರ್ ಕೋಟೆಗೆ ಆಹಾರವನ್ನೂ ಸಹಾಯವನ್ನೂ ಒಯ್ಯುವದಕ್ಕಾಗಿ ಅನೇಕ ಹಡಗುಗಳು ಅಲ್ಲಿ ಕೂಡಿದ್ದವು. ಹೊರಡುವ ದಿನ ಹತ್ತಿರವಾದದ್ದರಿಂದ ಕೆಲಸದವರನ್ನು ದಡಕ್ಕೆ ಬಿಡದೆ, ಅವರ ಹೆಂಡಿರು ಮಕ್ಕಳೇ ಹಡಗಿಗೆ ಬಂದು ನೋಡಿ ಹೋಗುವಂತೆ ಅಪ್ಪಣೆಯಾಗಿತ್ತು. ಸಾಮಾನು ಮಾರುವವರೂ ಬಂದಿದ್ದರು. ಹೀಗೆ ಹಡಗಿನ ಮೇಲೆ ಆ ದಿನ ಸುಮಾರು 1,200 ಮಂದಿ ಇದ್ದರೆಂದೂ, ಅವರಲ್ಲಿ ಸುಮಾರು 300 ಹೆಂಗಸರೂ 60 ಮಕ್ಕಳೂ ಇದ್ದರೆಂದೂ ಎಣಿಸುತ್ತಾರೆ.

ಡೆಕ್ಕು ತೊಳೆಯುವದಕ್ಕೆ ಸಮುದ್ರದ ನೀರನ್ನು ಒಳಗೆ ತರುವ ಒಂದು ಕೊಳಾಯಿ ಹಡಗಿನ ಬಲಮಗ್ಗುಲಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಇತ್ತು. ಅದು ಕೆಟ್ಟಿದ್ದರಿಂದ ದುರಸ್ತಿಮಾಡಬೇಕಾಯಿತು. ಇದಕ್ಕಾಗಿ ಹಡಗನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆ ಸಾಕು, ಬಲಮಗ್ಗುಲು ಮೇಲಕ್ಕೇಳುವದು ಎಂದು ನಿಶ್ಚಯಿಸಿದರು. ಇದು ಆ ಕಾಲದಲ್ಲಿ ವಾಡಿಕೆಯಾಗಿದ್ದ ಕೆಲಸವೇ. 29ನೆಯ ಆಗಸ್ಟ್ ಬೆಳಿಗ್ಗೆ ಎಡಮಗ್ಗುಲಿನ ಫಿರಂಗಿಗಳನ್ನು ಕಿಂಡಿಗಳ ಹೊರಗೆ ಆದಷ್ಟು ಮುಂದಕ್ಕೆ ನೂಕಿ, ಬಲಮಗ್ಗುಲಿನವುಗಳನ್ನು ಹಡಗಿನ ನಡುವಿಗೆ ಎಳೆದರು. ಹೇರು ಒಂದೇ ಕಡೆಗೆ ಸರಿದ ಗಾಡಿಯಂತೆ ಹಡಗು ಎಡಕ್ಕೆ ವಾಲಿತು. ಎಡಗಡೆಯ ಕೆಳಗಿನ ಕಿಂಡಿಗಳ ಹೊಸ್ತಿಲು ನೀರಿಗೆ ಸಮೀಪವಾಯಿತು. ಕಿಂಡಿಗಳು ತೆರೆದೇ ಇದ್ದವು.

ಆ ಮೇಲೆ ನಡೆದದ್ದನ್ನು ತಿಳಿಸಿದವನು ಆ ಹಡಗಿನಲ್ಲಿದ್ದು ಬದುಕಿ ಉಳಿದ ಜೇಮ್ಸ್ ಇಂಗ್ರಾಮ್ ಎಂಬ ನಾವಿಕನು. ಲಾರ್ಕ್ ಎಂಬ ಸಾಮಾನಿನ ದೋಣಿಯು ರಮ್ ಎಂಬ ಸಾರಾಯಿಯ ಪೀಪಾಯಿಗಳನ್ನು ಹೊತ್ತು ಎಡಮಗ್ಗುಲಿಗೇ ಬಂದು ನಿಂತಿತು. ಪೀಪಾಯಿಗಳನ್ನು ಒಂದೊಂದಾಗಿ ಮೇಲೆತ್ತಿ ಆ ಮಗ್ಗುಲಲ್ಲಿಯೇ ಇಳಿಸಿದರು. ಅವುಗಳನ್ನು ಸಾಗಿಸುವ ಜನರೂ ಅಲ್ಲಿಯೇ ಕೂಡಿದರು. ಭಾರ ಹೆಚ್ಚಿತು, ಹಡಗು ಇನ್ನಷ್ಟು ವಾಲಿತು. ಗಾಳಿ ಸ್ವಲ್ಪ ಏಳಲಾಗಿ ಪ್ರತಿ ತೆರೆಗೂ ಒಂದಿಷ್ಟು ನೀರು ಕಿಂಡಿಗಳಿಂದ ಒಳಗೆ ಬರತೊಡಗಿತು. ತಳದಲ್ಲಿದ್ದ ಇಲಿಗಳು ನೀರಿಗೆ ಹೆದರಿ ಹೊರಗೆ ಬಂದವು. ನಾವಿಕರು ಅವುಗಳನ್ನು ಅಟ್ಟಿಸಿಕೊಂಡು ನಗುತ್ತಾ ಆಟವಾಡಿದರು.

ಆಗ ಹಡಗಿನ ಬಡಗಿಯು ಮೇಲಿನ ಡೆಕ್ಕಿಗೆ ಹೋಗಿ ಅಲ್ಲಿ ಅಧಿಕಾರದಲ್ಲಿದ್ದ ಲೆಫ್ಟೆನೆಂಟನಿಗೆ, ನೀರು ಒಳಗೆ ಬರುತ್ತಿದೆ, ಹಡಗು ಈ ವಾಲನ್ನು ತಾಳದು, ನೆಟ್ಟಗೆ ಮಾಡಲು ಅಪ್ಪಣೆಯಾಗಬೇಕು ಎಂದು ಅರಿಕೆಮಾಡಿದನು. ಲೆಫ್ಟೆನೆಂಟನು ಮೊಟಕಾಗಿ ಉತ್ತರಕೊಟ್ಟು ಕಳುಹಿಸಿದನು. ಬಡಗಿಯು ಕೆಳಗೆ ಹೋಗಿ ನೋಡಿ ಎರಡನೆಯ ಸಾರಿ ಮೇಲೆ ಬಂದು ಅದನ್ನೇ ಹೇಳಿದನು. ಹಡಗು ನಡಿಸುವದು ನನಗಿಂತ ನಿನಗೆ ಚೆನ್ನಾಗಿ ಗೊತ್ತಿದ್ದರೆ ನೀನೇ ಅಧಿಕಾರ ವಹಿಸಿಕೋ ಎಂಬ ಅರ್ಥದ ಹಾಸ್ಯದ ಮಾತೇ ಅವನಿಗೆ ದೊರೆತ ಉತ್ತರವು.

ಕೊಂಚ ಹೊತ್ತಿನ ಮೇಲೆ ಲೆಫ್ಟೆನೆಂಟನಿಗೂ ಅಪಾಯ ಕಂಡುಬಂತು. ಹಡಗನ್ನು ನೆಟ್ಟಗೆ ಮಾಡಿರೆಂದು ನಗಾರಿ ಹೊಡೆಯಲು ಅಪ್ಪಣೆಯಾಯಿತು. ಆದರೆ ನಗಾರಿಯವನು ಕೋಲು ಎತ್ತುವಷ್ಟು ಸಮಯವೂ ಉಳಿದಿರಲಿಲ್ಲ. ಇಂಗ್ರಾಮನೂ ಅವನ ಸಂಗಡಿಗರೂ ಫಿರಂಗಿಯನ್ನು ಹೊರಗೆ ನೂಕಹೋದರು. ಡೆಕ್ಕು ಗುಡ್ಡದ ಇಳಿಜಾರಿನಂತಾದ್ದರಿಂದ ಅದು ಹಿಂದಕ್ಕೇ ಉರುಳಿತು. ಕಿಂಡಿಗಳಿಂದ ಸಮುದ್ರವು ನುಗ್ಗಿತು. ಹಡಗು ಮಗ್ಗುಲಾಗಿ ಬಿದ್ದು ಕೆಲವೇ ನಿಮಿಷಗಳಲ್ಲಿ ತಳಕ್ಕೆ ಹೋಯಿತು. ಪಕ್ಕದಲ್ಲಿದ್ದ ಲಾರ್ಕ್ ದೋಣಿಯನ್ನೂ ತನ್ನ ಸಂಗಡ ಎಳಕೊಂಡಿತು. ಇಂಗ್ರಾಮನು ಒಂದು ಕಿಂಡಿಯಿಂದ ಹತ್ತಿ ಹೊರಗೆ ಬಂದಾಗ, ಉಳಿದ ಕಿಂಡಿಗಳಲ್ಲಿ ಹೊರಗೆ ಬರಲು ಹೆಣಗುತ್ತಿದ್ದವರ ತಲೆಗಳು ತುಂಬಿದ್ದವು.

ಅಡ್ಮಿರಲ್ ಕೆಂಪನ್‌ಫೆಲ್ಟನು ಆಗ ತನ್ನ ಕೋಣೆಯಲ್ಲಿ ಬರೆಯುತ್ತಾ ಕೂತಿದ್ದನು. ಹಡಗು ವಾಲಿದ್ದರಿಂದ ಬಾಗಿಲು ಬಿಗಿದುಕೊಂಡು ತೆರೆಯಲಾಗಲಿಲ್ಲವೆಂದು ಹೇಳುತ್ತಾರೆ. ಆತನು ಅಲ್ಲಿಯೇ ಮುಳುಗಿಹೋದನು. ಆತನಿಗೆ ಅರವತ್ತು ವರುಷ ದಾಟಿತ್ತು. ಕಪ್ತಾನನಾದ ಮಾರ್ಟಿನ್ ವಾಘಾರ್ನನು ತಪ್ಪಿಸಿಕೊಂಡನು. ಅದೇ ಹಡಗಿನಲ್ಲಿದ್ದ ಅವನ ಮಗನು ಸತ್ತನು. ಒಟ್ಟು ಸುಮಾರು 900 ಮಂದಿ ನಾಶವಾದರು. ಉಳಿದವರು ಸುಮಾರು 255. ಅವರಲ್ಲಿ ಹನ್ನೊಂದು ಮಂದಿ ಹೆಂಗಸರು, ಮಕ್ಕಳಲ್ಲಿ ಒಬ್ಬ ಹುಡುಗನು ಮಾತ್ರ. ನೀರಿನಲ್ಲಿ ಈಜುತ್ತಿದ್ದ ಒಂದು ಕುರಿಯ ಉಣ್ಣೆಯನ್ನು ಹಿಡಿದುಕೊಂಡು ಒಂದು ಮಗು ತೇಲಿತೆಂದೂ, ತಂದೆತಾಯಿಗಳ ಹೆಸರನ್ನು ಹೇಳಲಾರದ ಅದಕ್ಕೆ ಎತ್ತಿಕೊಂಡವರು ಕುರಿಮರಿ ಎಂಬ ಅರ್ಥದ ಅಡ್ಡಹೆಸರನ್ನೇ ಇಟ್ಟರೆಂದೂ ಇಂಗ್ರಾಮನು ಹೇಳಿದ್ದಾನೆ. ಇದು ನಡೆದದ್ದು ನಡುಸಮುದ್ರದಲ್ಲಲ್ಲ, ಬಿರುಗಾಳಿಯಲ್ಲಲ್ಲ, ಯುದ್ಧದಲ್ಲಲ್ಲ. ಹಗಲುಹೊತ್ತಿನಲ್ಲಿ, ದಡ ಕಾಣುವ ನೀರಿನಲ್ಲಿ, ತಮ್ಮವರ ಹಡಗುಗಳ ನಡುವೆ.

ಸೆಪ್ಟೆಂಬರ್ 9ರಲ್ಲಿ ವಾರ್‌ಸ್ಪೈಟ್ ಎಂಬ ಹಡಗಿನ ಮೇಲೆ ನೌಕಾಸೈನ್ಯದ ನ್ಯಾಯಸಭೆ ಕೂಡಿತು. ರಾಯಲ್ ಜಾರ್ಜಿನ ಮರಗಳು ಕೊಳೆತುಹೋಗಿದ್ದವೆಂದು ಸಾಕ್ಷಿ ಬಂತು. ಒಡಲಿನ ಯಾವದೋ ಮುಖ್ಯ ಭಾಗವು ಮುರಿದುಬಿದ್ದದ್ದರಿಂದ ಹಡಗು ಮುಳುಗಿರಬೇಕೆಂದು ಸಭೆಯು ತೀರ್ಮಾನಿಸಿ, ಕಪ್ತಾನನನ್ನೂ ಅಧಿಕಾರಿಗಳನ್ನೂ ನಾವಿಕರನ್ನೂ ನಿರಪರಾಧಿಗಳೆಂದು ಬಿಟ್ಟಿತು. ಈ ನಾಶನದ ಮೇಲೆ ಪದ್ಯ ಬರೆದ ವಿಲ್ಯಮ್ ಕೌಪರ್ ಎಂಬ ಕವಿಯು ದಡದ ಗಾಳಿಯೇ ಹಡಗನ್ನು ಕೆಡವಿತೆಂದು ಹಾಡಿದನು. ನ್ಯಾಯಸಭೆಯು ಮರದ ಮೇಲೆ ಹೊರಿಸಿತು, ಕವಿಯು ಗಾಳಿಯ ಮೇಲೆ ಹೊರಿಸಿದನು. ಮನುಷ್ಯನ ಮೇಲೆ ಹೊರೆ ಬೀಳಲೇ ಇಲ್ಲ. ಆ ವಾಲಿನಲ್ಲಿ ತೆರೆದ ಕಿಂಡಿಗಳಿಂದ ನುಗ್ಗಿದ ನೀರೇ ಹಡಗನ್ನು ಮುಳುಗಿಸುವದಕ್ಕೆ ಸಾಕಾಗಿತ್ತೆಂದು ಈಗಿನ ಅನೇಕ ಚರಿತ್ರೆಗಾರರು ಹೇಳುತ್ತಾರೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ.

ಒಂದನೆಯದು, ಮರದ ಸಂಗತಿ. ಮರ ಕೊಳೆತಿದ್ದದ್ದು ನಿಜವೆಂದೇ ಇಟ್ಟುಕೊಳ್ಳೋಣ. ಮರವು ತಾನಾಗಿ ಸಮುದ್ರಕ್ಕೆ ಹೋಗಲಿಲ್ಲ. ಅದು ಕೊಳೆತದ್ದನ್ನು ಬಲ್ಲವರು ಇದ್ದರು. ಬಲ್ಲವರಿದ್ದರೆಂಬದಕ್ಕೆ ನ್ಯಾಯಸಭೆಯ ಸಾಕ್ಷಿಯೇ ಆಧಾರವು. ಹಾಗಾದರೆ ಬಲ್ಲವರ ಮಾತು ಸಾಯುವವರಿಗೆ ಮೊದಲೇ ಮುಟ್ಟದೆ, ಸತ್ತಮೇಲೆ ಬದುಕಿದವರನ್ನು ಬಿಡಿಸುವದಕ್ಕೆ ಮಾತ್ರ ಯಾಕೆ ಮುಟ್ಟಿತು? ಮರ ಕೊಳೆತಿದ್ದರೆ ಬಡಗಿಯ ಮಾತಿಗೆ ಇನ್ನೂ ಹೆಚ್ಚು ಬೆಲೆ ಇರಬೇಕಾಗಿತ್ತು. ಬಲವಾದ ಹಡಗನ್ನು ವಾಲಿಸುವವನಿಗಿಂತ ಕೊಳೆತ ಹಡಗನ್ನು ವಾಲಿಸುವವನು ಹೆಚ್ಚು ಎಚ್ಚರವಾಗಿರಬೇಕಲ್ಲವೇ? ಹೀಗೆ ನೋಡಿದರೆ, ದೋಷವನ್ನು ಕಳೆಯುವದಕ್ಕೆ ಹೇಳಿದ ಕಾರಣವೇ ದೋಷವನ್ನು ಹೆಚ್ಚಿಸುತ್ತದೆ. ಮನುಷ್ಯರು ತಮ್ಮ ಹೊಣೆಯನ್ನು ಮೂಕವಸ್ತುಗಳ ಮೇಲೆ ಹೊರಿಸುವಾಗ ಬಹಳ ಸಾರಿ ಹೀಗೆಯೇ ಆಗುವದು.

ಎರಡನೆಯದು, ಲೆಫ್ಟೆನೆಂಟನ ಸಂಗತಿ. ಅವನನ್ನು ದುಷ್ಟನೆಂದು ಎಣಿಸುವದು ನ್ಯಾಯವಲ್ಲ. ಹಡಗು ವಾಲಿದ್ದು ಮೇಲಿನವರ ಅಪ್ಪಣೆಯಿಂದಲೇ, ಹೊರಡುವ ಅವಸರವಿತ್ತು, ಇಂಥ ಕೆಲಸವನ್ನು ಎಷ್ಟೋ ಸಾರಿ ಅಪಾಯವಿಲ್ಲದೆ ಮಾಡಿದ್ದರು. ಆದರೂ ಅವನ ಉತ್ತರವನ್ನು ನೋಡಿರಿ. ಬಡಗಿಯು ಹೇಳಿದ್ದು ನೀರಿನ ವಿಷಯ. ಅವನು ಉತ್ತರ ಕೊಟ್ಟದ್ದು ಅಧಿಕಾರದ ವಿಷಯ. ನೀರು ಬರುತ್ತಿದೆಯೋ ಇಲ್ಲವೋ ಎಂಬ ಪ್ರಶ್ನೆಯು, ದೊಡ್ಡವನು ನೀನೋ ನಾನೋ ಎಂಬ ಪ್ರಶ್ನೆಯಾಗಿ ಮಾರ್ಪಟ್ಟಿತು. ನಾವು ಮೊದಲು ಹೇಳಿದ ಎರಡನೆಯ ತಕ್ಕಡಿ ಇದೇ. ಅವನು ಬಡಗಿಯ ಮಾತನ್ನು ಒಪ್ಪಬೇಕೆಂದೇನೂ ಇರಲಿಲ್ಲ; ಕೆಳಗಿಳಿದು ನೋಡಿದ್ದರೆ ಸಾಕಾಗಿತ್ತು.

ಇಲ್ಲಿ ಅಡ್ಮಿರಲ್ ಹಾಕನನ್ನು ನೆನಪಿಗೆ ತಂದುಕೊಳ್ಳಿರಿ. ಅದೇ ಹಡಗು, ಕೆಳಗಿನವನಿಂದ ಬಂದ ಅಂಥದ್ದೇ ಎಚ್ಚರಿಕೆ. ಹಾಕನೂ ದಾರಿಗಾರನ ಮಾತಿನಂತೆ ನಡೆಯಲಿಲ್ಲ. ಹಾಗಾದರೆ ವ್ಯತ್ಯಾಸವೇನು? ಆತನು ಗೆದ್ದನು, ಇವನು ಸೋತನು ಎಂಬದಷ್ಟೇ ವ್ಯತ್ಯಾಸವೆಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವದಿಲ್ಲ. ಹಾಕನು ಮಾತನ್ನು ಕೇಳಿದನು, ಅದು ನಿಜವೆಂದು ಒಪ್ಪಿದನು, ಹೇಳಿದವನ ಕರ್ತವ್ಯವನ್ನು ಗೌರವಿಸಿದನು. ಅನಂತರ ದೇಶದ ಮೇಲಿದ್ದ ದೊಡ್ಡ ಅಪಾಯವನ್ನೂ ಬಂಡೆಗಳ ಅಪಾಯವನ್ನೂ ಎದುರೆದುರಾಗಿ ಇಟ್ಟು ತೂಗಿ, ಹೊಣೆಯನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡನು. ಎರಡು ಹಡಗುಗಳು ಒಡೆದಾಗ, ನನಗೆ ಯಾರೂ ತಿಳಿಸಲಿಲ್ಲವೆಂದು ಹೇಳುವದಕ್ಕೆ ಆತನಿಗೆ ದಾರಿಯಿರಲಿಲ್ಲ. ಸ್ಪಿಟ್‌ಹೆಡ್ಡಿನಲ್ಲಾದರೋ ಕೇಳೋಣವೂ ಇಲ್ಲ, ತೂಗೋಣವೂ ಇಲ್ಲ, ಹೊರೋಣವೂ ಇಲ್ಲ. ಒಂದು ಕೊಳಾಯಿಗೋಸ್ಕರ ಒಂಬೈನೂರು ಪ್ರಾಣಗಳನ್ನು ಪಣಕ್ಕಿಟ್ಟದ್ದು ಅಲ್ಲಿ ಯಾರಿಗೂ ತಿಳಿಯಲೇ ಇಲ್ಲ. ಆದುದರಿಂದ ಎಚ್ಚರಿಕೆ ಕೇಳಿಯೂ ಬೇರೆ ದಾರಿ ಹಿಡಿಯುವದು ಒಂದೊಂದು ಸಾರಿ ಧೈರ್ಯವಾಗಿರಬಹುದು. ಎಚ್ಚರಿಕೆಯನ್ನು ಕೇಳದೇ ಇರುವದು ಎಂದೂ ಧೈರ್ಯವಾಗಲಾರದು.

ಮೂರನೆಯದು, ಬಡಗಿಯ ಸಂಗತಿ. ಹಡಗಿನ ಒಡಲನ್ನು ಕಾಯುವದೇ ಅವನ ಉದ್ಯೋಗ. ಆದುದರಿಂದ ಅವನ ಮಾತು ಅಧಿಕಪ್ರಸಂಗವಲ್ಲ, ಕರ್ತವ್ಯವೇ. ಒಂದು ಸಾರಿ ಅವಮಾನಪಟ್ಟವನು ತಿರಿಗಿ ಅದೇ ಬಾಗಿಲಿಗೆ ಹೋಗುವದು ಸುಲಭವಲ್ಲ. ಹೇಳಬೇಕಾದದ್ದನ್ನು ಹೇಳಿದೆ, ಇನ್ನು ಅವರ ಪಾಡು ಎಂದು ಕೂತುಕೊಳ್ಳುವವರೇ ಹೆಚ್ಚು. ಈತನು ಎರಡನೆಯ ಸಾರಿಯೂ ಹೋದನು. ಅದಕ್ಕಾಗಿ ಹೊಗಳಿಕೆಗೆ ಪಾತ್ರನು. ಆದರೆ ಹೇಳಿದ ಮಾತ್ರಕ್ಕೆ ಹೊಣೆ ತೀರಿತೋ ಎಂಬ ಪ್ರಶ್ನೆ ಅವನ ವಿಷಯದಲ್ಲಲ್ಲ, ನಮ್ಮ ವಿಷಯದಲ್ಲಿ ಉಳಿದಿದೆ. ಹೇಳೋಣವು ಎರಡು ವಿಧವಾಗಿರುವದು. ನಾಳೆ ನನ್ನ ಮೇಲೆ ಮಾತು ಬಾರದಿರಲೆಂದು ಹೇಳುವದು ಒಂದು. ಕೇಡು ಆಗದಿರಲೆಂದು ಹೇಳುವದು ಇನ್ನೊಂದು. ಮೊದಲನೆಯವನು ಹೇಳಿದ ಕೂಡಲೆ ನಿದ್ರೆಮಾಡುವನು. ಎರಡನೆಯವನು ಒಂದು ಬಾಗಿಲು ಮುಚ್ಚಿದರೆ ಮತ್ತೊಂದನ್ನು ತಟ್ಟುವನು. ಆ ಬೆಳಿಗ್ಗೆ ಲೆಫ್ಟೆನೆಂಟನ ಮೇಲಿನ ಕಪ್ತಾನನೂ ಕಪ್ತಾನನ ಮೇಲಿನ ಅಡ್ಮಿರಲನೂ ಹಡಗಿನಲ್ಲಿಯೇ ಇದ್ದರು. ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟಬೇಕೆಂದು ಜೀವಮಾನವೆಲ್ಲಾ ದುಡಿದ ಆ ಮುದುಕನು ಮುಚ್ಚಿದ ಒಂದು ಬಾಗಿಲಿನ ಆಚೆ ಕೂತಿದ್ದನು.

ನಾಲ್ಕನೆಯದು, ಇಲಿಗಳನ್ನು ಅಟ್ಟಿಸಿಕೊಂಡು ಹೋದವರ ಸಂಗತಿ. ನೀರು ಒಳಗೆ ಬಂದದ್ದನ್ನು ಬಡಗಿಯೊಬ್ಬನೇ ಕಾಣಲಿಲ್ಲ. ಕೆಳಗಿನ ಡೆಕ್ಕಿನಲ್ಲಿದ್ದವರೆಲ್ಲರೂ ಕಂಡರು, ಅವರ ಕಾಲುಗಳೇ ನೆನೆದವು. ಅದು ನಮ್ಮ ಕೆಲಸವಲ್ಲ, ಮೇಲಿನವರು ನೋಡಿಕೊಳ್ಳುವರು ಎಂದು ಅವರು ಎಣಿಸಿರಬೇಕು. ಅವರನ್ನು ನಾವು ಗದರಿಸುವದು ಹೇಗೆ? ಬಾಯಿಬಿಟ್ಟವನಿಗೆ ಯಾವ ಉತ್ತರ ದೊರೆಯುವದೆಂಬದನ್ನು ಅವರು ಬಲ್ಲವರು. ಕೆಳಗಿನವರ ಮಾತನ್ನು ಹಾಸ್ಯಮಾಡುವ ಮನೆಯಲ್ಲಿ ಕೆಳಗಿನವರು ಕ್ರಮೇಣ ಕಾಣುವದನ್ನೇ ಬಿಟ್ಟುಬಿಡುತ್ತಾರೆ. ಮೇಲಿನವನ ಗರ್ವವು ಒಬ್ಬನ ಬಾಯಿಯನ್ನು ಮಾತ್ರವಲ್ಲ, ನೂರು ಮಂದಿಯ ಕಣ್ಣುಗಳನ್ನು ಮುಚ್ಚಿಸುವದು.

ಐದನೆಯದು, ಸತ್ತವರ ಸಂಗತಿ. ಇಂಥ ಕೇಡು ಸಂಭವಿಸಿದಾಗ ಸತ್ತವರಲ್ಲಿಯೇ ಏನೋ ತಪ್ಪಿರಬೇಕೆಂದು ಹೇಳುವ ನಾಲಿಗೆಗಳು ಎಲ್ಲಾ ದೇಶದಲ್ಲಿಯೂ ಇ��ುವವು. ಗಂಡನನ್ನು ನೋಡಹೋದ ಹೆಂಗಸು ಏನು ತಪ್ಪುಮಾಡಿದಳು? ತಂದೆಯ ಕೈ ಹಿಡಿದು ಡೆಕ್ಕಿನ ಮೇಲೆ ಓಡಾಡಿದ ಮಗು ಏನು ಮಾಡಿತು? ಒಬ್ಬನ ಗರ್ವದ ಸಾಲವನ್ನು ತೀರಿಸುವವರು ಬಹುಮಟ್ಟಿಗೆ ಬೇರೆಯವರೇ. ಇದನ್ನು ಮನಸ್ಸಿನಲ್ಲಿಟ್ಟರೆ, ಕೇಳದೆ ಇರುವದು ಒಂದು ಸಣ್ಣ ಅಸಡ್ಡೆಯೆಂದು ಎಣಿಸಲಾರೆವು.

ಇನ್ನು ಹಡಗಿನ ಉಳಿದ ವೃತ್ತಾಂತವನ್ನು ಹೇಳಿ ಮುಗಿಸುವೆವು. ಅನೇಕ ಶವಗಳು ಎದುರುದ್ವೀಪದ ರೈಡ್ ಎಂಬ ಊರಿನ ದಡಕ್ಕೆ ತೇಲಿಬಂದವು. ಅವುಗಳನ್ನು ಅಲ್ಲಿಯೇ ಹೂಳಿದರು. ಈಗ ಅಲ್ಲಿ ಜ್ಞಾಪಕದ ಕಲ್ಲು ನಿಂತಿದೆ. ಮುಳುಗಿದ ಹಡಗಿನ ಕೂವೆಮರಗಳು ಬಹುಕಾಲ ನೀರಿನ ಮೇಲೆ ಕಾಣುತ್ತಿದ್ದವು. 1834ರಲ್ಲಿ ಡೀನ್ ಎಂಬ ಸಹೋದರರು ಮುಳುಗುವವರ ಉಡುಪನ್ನು ತೊಟ್ಟು ತಳಕ್ಕಿಳಿದು ಕೆಲವು ಫಿರಂಗಿಗಳನ್ನು ಎತ್ತಿದರು. ಅವರು ಅಲ್ಲಿ ಕೆಲಸಮಾಡುತ್ತಿರಲಾಗಿ 1836ರಲ್ಲಿ ಸಮೀಪದಲ್ಲಿಯೇ ಇನ್ನೊಂದು ಹಳೇ ಹಡಗು ಸಿಕ್ಕಿತು. ಅದು ಮೇರಿ ರೋಸ್ ಎಂಬದು; 1545ರಲ್ಲಿ, ಅಂದರೆ ರಾಯಲ್ ಜಾರ್ಜಿಗಿಂತ 237 ವರುಷ ಮೊದಲು, ವಾಲಿದಾಗ ತೆರೆದಿದ್ದ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತೆಂದು ಹೇಳಲ್ಪಡುವ ಹಡಗು. ಅದೇ ಪಾಠವು ಅದೇ ನೀರಿನ ಅಡಿಯಲ್ಲಿ ಅಷ್ಟು ಕಾಲ ಬಿದ್ದಿತ್ತು, ಓದುವವರಿರಲಿಲ್ಲ.

1839ರಿಂದ 1843ರ ವರೆಗೆ ಚಾರ್ಲ್ಸ್ ಪ್ಯಾಸ್ಲಿ ಎಂಬ ಸೈನ್ಯಾಧಿಕಾರಿಯು ದಾರಿಗೆ ಅಡ್ಡವಾಗಿದ್ದ ಒಡಲನ್ನು ಮದ್ದಿನಿಂದ ಸಿಡಿಸಿ ತೆಗೆಯಿಸಿದನು. ಫಿರಂಗಿಗಳಿಂದ ದೊರೆತ ಕಂಚನ್ನು ಕರಗಿಸಿ ಲಂಡನ್ನಿನಲ್ಲಿರುವ ನೆಲ್ಸನ್ನನ ಜ್ಞಾಪಕಸ್ತಂಭದ ತುದಿಯ ಅಲಂಕಾರಕ್ಕೆ ಉಪಯೋಗಿಸಿದರು. ಆದರೆ ಆ ಎತ್ತರದ ಕಂಚಿಗಿಂತ ಪ್ಯಾಸ್ಲಿಯು ಮಾಡಿದ ಒಂದು ಸಣ್ಣ ಕಟ್ಟಳೆಯೇ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಮುಳುಗುವವರು ಒಬ್ಬೊಬ್ಬರಾಗಿ ಇಳಿಯದೆ ಇಬ್ಬಿಬ್ಬರಾಗಿ ಇಳಿದು ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕೆಂದು ಅವನು ಅಪ್ಪಣೆಮಾಡಿದನು. ಇಂಥ ಕ್ರಮವು ಬರವಣಿಗೆಯಲ್ಲಿ ಕಂಡುಬರುವದು ಅಲ್ಲಿಯೇ ಮೊದಲು ಎನ್ನುತ್ತಾರೆ; ಇಂದಿಗೂ ಮುಳುಗುವವರು ಅದನ್ನು ಅನುಸರಿಸುತ್ತಾರೆ. ಒಬ್ಬನ ಮಾತನ್ನು ಇನ್ನೊಬ್ಬನು ಕೇಳದ್ದರಿಂದ ಮುಳುಗಿದ ಹಡಗಿನ ಅವಶೇಷದ ಮೇಲೆ, ಒಬ್ಬನನ್ನು ಇನ್ನೊಬ್ಬನು ಕಾಯಬೇಕೆಂಬ ಕಟ್ಟಳೆ ಹುಟ್ಟಿತು.

ವಾಚಕರೇ, ನೀರು ಯಾವಾಗಲೂ ಕೆಳಗಿನಿಂದ ಬರುವದು. ಆದುದರಿಂದ ಅದನ್ನು ಮೊದಲು ಕಾಣುವವನು ಕೆಳಗಿನವನೇ. ಕೆರೆಯ ಏರಿ ಜಿನುಗುವದನ್ನು ಗೌಡನಿಗಿಂತ ಮೊದಲು ನೀರುಗಂಟಿ ಕಾಣುವನು. ಮನೆಯ ಕಷ್ಟವನ್ನು ಯಜಮಾನನಿಗಿಂತ ಮೊದಲು ಒಲೆಯ ಮುಂದಿರುವ ಸೊಸೆ ಕಾಣುವಳು. ಅವರು ಬಂದು ಹೇಳುವಾಗ ಮಾತು ಒರಟಾಗಿರಬಹುದು, ಹೊತ್ತು ಅನುಕೂಲವಿಲ್ಲದಿರಬಹುದು, ನಮ್ಮ ಕೈಯಲ್ಲಿ ಬೇರೆ ಕೆಲಸವಿರಬಹುದು. ಆಗ, ಹೇಳುವದಕ್ಕೆ ನೀನು ಯಾರು ಎಂದು ಕೇಳುವ ಮೊದಲು, ಎಲ್ಲಿ, ತೋರಿಸು ಎಂದು ಕೇಳಿ ಎದ್ದು ಹೋಗೋಣ. ಅವರು ಹೇಳಿದ್ದು ಸುಳ್ಳಾದರೆ ನಮಗೆ ನಷ್ಟವಾಗುವದು ನಾಲ್ಕು ಹೆಜ್ಜೆ ಮಾತ್ರ. ರಾಯಲ್ ಜಾರ್ಜಿನ ಮೇಲೆ ಆ ಬೆಳಿಗ್ಗೆ ಯಾರೂ ಇಡದೆ ಬಿಟ್ಟ ಹೆಜ್ಜೆಗಳೂ ಅಷ್ಟೇ.